ಆರು ರನ್ನಿನ ಅಂತರ

ಬೇಸಿಗೆಯ ಒಂದು ಮುಂಜಾನೆಯನ್ನು ನೆನಪಿಗೆ ತಂದುಕೊಳ್ಳಿ. ಅಕ್ಕಲಕೋಟ ತಾಲೂಕಿನ ಯಾವುದಾದರೂ ಒಂದು ಊರು. ದುಧನಿಯೇ ಇರಲಿ, ಮೈಂದರ್ಗಿಯೇ ಇರಲಿ, ನಾಗಣಸೂರೇ ಇರಲಿ. ಬಸ್ಸು ನಿಲ್ಲುವ ಜಾಗದ ಹತ್ತಿರ ಒಂದು ಚಹಾದ ಅಂಗಡಿ. ಕೆಂಪು ಅಂಗಿ ತೊಟ್ಟ ಹುಡುಗನೊಬ್ಬ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಾನೆ. ಅಂಗಿಯ ಬೆನ್ನ ಮೇಲೆ 18 ಎಂಬ ಅಂಕಿ. ಬೆಂಚಿನ ಮೇಲೆ ಕುಳಿತ ಹಿರಿಯರೊಬ್ಬರು ಅವನನ್ನು ಮಾತಿಗೆಳೆಯುತ್ತಾರೆ.

"ಏನೋ ತಮ್ಮಾ, ನಿನ್ನಿ ಮತ್ತ ಸೋತ್ರಂತಲ್ಲೋ?"

"ಒಂದ ರನ್ ಮಾಮಾ. ಒಂದ ರನ್ನಿಗೆ ಹೋತು."

"ಒಂದಾದ್ರೇನು, ನೂರಾದ್ರೇನು? ಸೋತದ್ದು ಸೋತದ್ದ. ಆ ಅಂಗಿ ತಗದಿಡು ಇನ್ನ."

"ಗೆದ್ದಾಗಷ್ಟ ಹಾಕ್ಕೊಳ್ಳಾಕ ತಂದಿಲ್ಲ ಮಾಮಾ ಇದನ್ನ."

2024ರ ಏಪ್ರಿಲ್ 22ರ ಮುಂಜಾನೆ ಇಂಥ ಮಾತುಕತೆ ನಮ್ಮ ಗಡಿಯ ಎಷ್ಟು ಊರುಗಳಲ್ಲಿ ನಡೆಯಿತೋ ಲೆಕ್ಕವಿಲ್ಲ. ಹಿಂದಿನ ದಿನ ಕೋಲ್ಕತ್ತದಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಒಂದೇ ಒಂದು ರನ್ನಿನಿಂದ ಸೋತಿತ್ತು. ಅದು ಆ ತಂಡದ ಸತತ ಆರನೆಯ ಸೋಲು. ಆಡಿದ್ದು ಎಂಟು ಪಂದ್ಯ, ಗೆದ್ದದ್ದು ಒಂದು. ಆದರೂ ಆ ಹುಡುಗ ಅಂಗಿ ತೆಗೆದಿಡಲಿಲ್ಲ.

ಇವತ್ತಿನ ನಮ್ಮ ವಿಷಯ ಇದೇ. ಸೋಲುತ್ತಲೇ ಇರುವ ತಂಡವನ್ನು ಜನ ಯಾಕೆ ಬಿಡುವುದಿಲ್ಲ? ಇಂಥ ಸೋಲಿನ ಸರಣಿ ಹೇಗೆ ಹುಟ್ಟುತ್ತದೆ, ಹೇಗೆ ಮುಗಿಯುತ್ತದೆ? ನಮ್ಮ ಊರಿನ ಮಟ್ಟಿಗೆ ಇನ್ನೂ ಒಂದು ಪ್ರಶ್ನೆಯಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತಾಡುವ ನಮಗೆ 'ನಮ್ಮ ತಂಡ' ಎಂದರೆ ಯಾವುದು?

ಮೊದಲು ಸೋಲಿನ ಕಥೆಯನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಐಪಿಎಲ್ ಎಂಬ ಇಪ್ಪತ್ತು ಓವರಿನ ಪಂದ್ಯಾವಳಿ 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿಯೇ ಆರಂಭವಾಯಿತು. ಆ ಮೊದಲ ರಾತ್ರಿಯೇ ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ 158 ರನ್ ಹೊಡೆದರು. ಬೆಂಗಳೂರಿನ ಇಡೀ ತಂಡ ಸೇರಿ ಹೊಡೆದದ್ದು 82. ಸೋಲಿನ ಅಂತರ 140 ರನ್. ಶುಭಾರಂಭ ಎನ್ನುವ ಹಾಗಿರಲಿಲ್ಲ.

ಮುಂದಿನ ವರ್ಷ, 2009ರಲ್ಲಿ, ಪಂದ್ಯಾವಳಿ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು. ನಮ್ಮ ಅನಿಲ್ ಕುಂಬ್ಳೆಯವರ ನಾಯಕತ್ವದಲ್ಲಿ ತಂಡ ಫೈನಲ್ ಮುಟ್ಟಿತು. ಫೈನಲ್ಲಿನಲ್ಲಿ ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ತೆಗೆದರು. ಆದರೂ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎದುರು ತಂಡ ಆರು ರನ್ನಿನಿಂದ ಸೋತಿತು. ಈ 'ಆರು ರನ್' ಎಂಬ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದು ಮತ್ತೆ ಬರುತ್ತದೆ.

2011ರಲ್ಲಿ ಮತ್ತೆ ಫೈನಲ್. ಚೆನ್ನೈಯಲ್ಲಿ ಚೆನ್ನೈ ತಂಡದ ಎದುರು 58 ರನ್ನಿನ ಸೋಲು. 2016ರಲ್ಲಿ ಮೂರನೆಯ ಫೈನಲ್, ಅದೂ ನಮ್ಮದೇ ಬೆಂಗಳೂರಿನಲ್ಲಿ. ಆ ವರ್ಷ ವಿರಾಟ್ ಕೊಹ್ಲಿ ನಾಲ್ಕು ಶತಕ ಸೇರಿ 973 ರನ್ ಹೊಡೆದಿದ್ದರು. ಫೈನಲ್ಲಿನಲ್ಲಿ 209 ರನ್ನಿನ ಗುರಿಯನ್ನು ಬೆನ್ನು ಹತ್ತಿ, ಮೊದಲ ವಿಕೆಟ್ಟಿಗೇ 114 ರನ್ ಬಂದವು. ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ವಿಕೆಟ್ಟುಗಳು ಒಂದರ ಹಿಂದೆ ಒಂದು ಬಿದ್ದು ಎಂಟು ರನ್ನಿನಿಂದ ಕಪ್ಪು ಹೈದರಾಬಾದಿಗೆ ಹೋಯಿತು. ಮರುವರ್ಷ, 2017ರ ಏಪ್ರಿಲ್ 23ರಂದು, ಇದೇ ತಂಡ ಕೋಲ್ಕತ್ತದಲ್ಲಿ 49 ರನ್ನಿಗೆ ಆಲ್‌ಔಟ್ ಆಯಿತು. ಸರಿಯಾಗಿ ನಾಲ್ಕು ವರ್ಷಗಳ ಹಿಂದೆ, 2013ರ ಅದೇ ಏಪ್ರಿಲ್ 23ರಂದು, ಇದೇ ತಂಡ ಪುಣೆಯ ಎದುರು 263 ರನ್ ಪೇರಿಸಿತ್ತು. 2019ರಲ್ಲಿಯಂತೂ ಮೊದಲ ಆರು ಪಂದ್ಯಗಳನ್ನೂ ಸೋತಿತು. ಹೀಗೆ 2024ರ ವರೆಗೆ ಹದಿನೇಳು ವರ್ಷ ಕಪ್ಪಿಲ್ಲ. ಪ್ರತಿ ಬೇಸಿಗೆಯಲ್ಲೂ 'ಈ ಸಲ ಕಪ್ ನಮ್ದೇ' ಎಂಬ ಘೋಷಣೆ, ಮೇ ತಿಂಗಳು ಮುಗಿಯುವುದರೊಳಗೆ 'ಮುಂದಿನ ಸಲ' ಎಂಬ ಸಮಾಧಾನ.

ಇದನ್ನು ಕೆಲವರು ಶಾಪ ಎಂದರು. ಕೆಲವರು ನಕ್ಕರು. ಆದರೆ ಶಾಪಕ್ಕೆ ಹೋಗುವ ಮೊದಲು ಲೆಕ್ಕಕ್ಕೆ ಹೋಗೋಣ.

ಒಂದು ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಒಂದು ಮುಖ ಬಿದ್ದರೆ ಗೆಲುವು, ಇನ್ನೊಂದು ಮುಖ ಬಿದ್ದರೆ ಸೋಲು ಎಂದಿಟ್ಟುಕೊಳ್ಳಿ. ಒಂದು ತಂಡ ಲೀಗಿನಲ್ಲಿ ಆಡುವುದು 14 ಪಂದ್ಯ. ಆದ್ದರಿಂದ ನಾಣ್ಯವನ್ನು 14 ಸಲ ಚಿಮ್ಮಿ, ಬಿದ್ದದ್ದನ್ನು ಬರೆದುಕೊಳ್ಳಿ. ಊರಿನ ನೂರು ಜನ ಹೀಗೆ ಮಾಡಿದರೆ, ಸರಿಸುಮಾರು ಎಂಟು ಜನರ ಹಾಳೆಯಲ್ಲಿ ಸೋಲು ಸತತ ಆರು ಸಲ ಬಂದಿರುತ್ತದೆ. ಅವರೇನೂ ಪಾಪ ಮಾಡಿದವರಲ್ಲ, ನಾಣ್ಯಕ್ಕೂ ಅವರ ಮೇಲೆ ಸಿಟ್ಟಿಲ್ಲ. ಈಗ ಹತ್ತು ತಂಡಗಳು ಆಡುತ್ತವೆ ಎಂದು ಲೆಕ್ಕ ಹಿಡಿಯಿರಿ. ಎಲ್ಲ ತಂಡಗಳೂ ಸಮಬಲದವೇ ಆಗಿದ್ದರೂ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ ಯಾವುದಾದರೂ ಒಂದು ತಂಡಕ್ಕೆ ಆರು ಸೋಲಿನ ಸರಣಿ ಬಂದೇ ಬರುತ್ತದೆ. ಐದು ಸಲ ಕಪ್ ಗೆದ್ದ ಮುಂಬಯಿಯ ತಂಡವೇ 2022ರಲ್ಲಿ ಮೊದಲ ಎಂಟು ಪಂದ್ಯಗಳನ್ನು ಸತತವಾಗಿ ಸೋತದ್ದನ್ನು ನಮ್ಮ ಸೋಲಾಪುರದ ಮುಂಬಯಿ ಅಭಿಮಾನಿಗಳು ಮರೆತಿರಲಿಕ್ಕಿಲ್ಲ.

ಕಪ್ಪಿನ ಲೆಕ್ಕವೂ ಹೀಗೆಯೇ. ಎಂಟು ಸಮಬಲದ ತಂಡಗಳಿದ್ದರೆ, ಒಂದು ನಿರ್ದಿಷ್ಟ ತಂಡ ಹದಿನೇಳು ವರ್ಷ ಒಂದೂ ಕಪ್ ಗೆಲ್ಲದೆ ಇರುವ ಸಂಭವ ಹತ್ತಕ್ಕೆ ಒಂದರಷ್ಟು. ಅಪರೂಪ ನಿಜ, ಪವಾಡವೇನಲ್ಲ. 2008ರಲ್ಲಿ ಆರಂಭವಾದ ಎಂಟು ತಂಡಗಳ ಪೈಕಿ ಬೆಂಗಳೂರು, ಪಂಜಾಬ್, ದೆಹಲಿ ಈ ಮೂರೂ 2024ರ ವರೆಗೆ ಬರಿಗೈಯಲ್ಲೇ ಇದ್ದವು. ಹಣೆಬರಹ ನಮಗೊಬ್ಬರಿಗೇ ಬರೆದದ್ದಾಗಿರಲಿಲ್ಲ.

ಈ ಲೆಕ್ಕದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ಆರು ಸಲ ಸೋತ ನಾಣ್ಯ ಏಳನೆಯ ಸಲ ಗೆಲ್ಲಲೇಬೇಕು ಎಂಬ ನಿಯಮವಿಲ್ಲ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. 'ಇಷ್ಟು ಸೋತಾರ, ಇವತ್ತಂತೂ ಗೆದ್ದ ಗೆಲ್ತಾರ' ಎಂದು ಹಣ ಕಟ್ಟುವವನು ಮೋಸ ಹೋಗುವುದು ಇಲ್ಲಿಯೇ. ಅಭಿಮಾನಿ ಸೋತರೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ. ಬೆಟ್ಟಿಂಗ್ ಕಟ್ಟಿದವನು ಸೋತರೆ ಮನೆಯ ದುಡ್ಡು ಹೋಗುತ್ತದೆ, ಆಮೇಲೆ ಮೋಟಾರ್ ಸೈಕಲ್ ಹೋಗುತ್ತದೆ, ಹೊಲದ ಪತ್ರವೂ ಅಡವಿಗೆ ಹೋಗುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. ಕಾಯಿದೆ ಏನೇ ಇರಲಿ, ಮನೆಯ ಹಿರಿಯರ ಕಣ್ಣು ಅದಕ್ಕಿಂತ ಚುರುಕಾಗಿರಬೇಕು.

ಹಾಗಾದರೆ ಎಲ್ಲವೂ ನಾಣ್ಯದ ಆಟವೇ? ಅಲ್ಲ. ಸೋಲಿಗೆ ಕಣ್ಣಿಗೆ ಕಾಣುವ ಕಾರಣಗಳೂ ಇರುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿನ ಗಾಳಿ ತುಸು ತೆಳು, ಹೊಡೆದ ಚೆಂಡು ದೂರ ಹೋಗುತ್ತದೆ. ಚಿನ್ನಸ್ವಾಮಿ ಮೈದಾನದ ಗಡಿಗೆರೆಯೂ ಹತ್ತಿರ. ದಾಂಡಿಗರಿಗೆ ಅದು ಹಬ್ಬ, ಬೌಲರುಗಳಿಗೆ ಬರಗಾಲ. ಅಂಥಲ್ಲಿ ಗೆಲ್ಲಬೇಕಾದರೆ ಒಳ್ಳೆಯ ಬೌಲರುಗಳು ಬೇಕು. ಆದರೆ ತಂಡವು ವರ್ಷಗಟ್ಟಲೆ ಹೆಸರಾಂತ ದಾಂಡಿಗರನ್ನೇ ನೆಚ್ಚಿಕೊಂಡಿತು. ತಂಡಕ್ಕಾಗಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದಿದ್ದ ಯಜುವೇಂದ್ರ ಚಹಲ್ ಅವರನ್ನು 2021ರ ನಂತರ ಕೈಬಿಟ್ಟಿತು. ಅವರು ರಾಜಸ್ಥಾನದ ತಂಡ ಸೇರಿ 2022ರಲ್ಲಿ 27 ವಿಕೆಟ್ ತೆಗೆದು ಇಡೀ ಪಂದ್ಯಾವಳಿಗೇ ಮೊದಲಿಗರಾದರು. ಮನೆಯ ಎತ್ತನ್ನು ಮಾರಿ ಸಂತೆಯಲ್ಲಿ ಬಾಡಿಗೆ ಎತ್ತು ಹುಡುಕಿದ ಹಾಗಾಯಿತು. 2016ರ 973 ರನ್ನುಗಳು ಕಲಿಸಿದ್ದೂ ಇದನ್ನೇ: ಒಬ್ಬನೇ ಎಷ್ಟು ಚೆನ್ನಾಗಿ ಬಿತ್ತಿದರೂ ರಾಶಿ ಮಾಡಲು ಹತ್ತು ಕೈ ಬೇಕು.

ಇನ್ನು ಅಭಿಮಾನಿಯ ಮನಸ್ಸಿಗೆ ಬರೋಣ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತಂಡ ಗೆದ್ದರೆ ಸೋಮವಾರ ಕಾಲೇಜಿನ ಹೆಸರಿರುವ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತಿತ್ತು. ಸೋತರೆ ಕಡಿಮೆಯಾಗುತ್ತಿತ್ತು. ಮಾತಿನಲ್ಲಿಯೂ ಅಷ್ಟೇ. ಗೆದ್ದ ಪಂದ್ಯದ ಬಗ್ಗೆ ಕೇಳಿದರೆ 'ನಾವು ಗೆದ್ದೆವು' ಎನ್ನುತ್ತಿದ್ದರು. ಸೋತ ಪಂದ್ಯದ ಬಗ್ಗೆ ಕೇಳಿದರೆ 'ಅವರು ಸೋತರು' ಎನ್ನುತ್ತಿದ್ದರು. ಗೆಲುವಿಗೆ ನೂರು ನೆಂಟರು, ಸೋಲಿಗೆ ದಿಕ್ಕಿಲ್ಲ ಎಂಬುದು ಅಲ್ಲಿಯೂ ನಿಜವಾಯಿತು.

ಈ 'ನಾವು' ಎಂಬ ಮಾತಿನ ಒಳಗುಟ್ಟು ಎರಡು ಭಾಷೆಯಲ್ಲಿ ಬದುಕುವ ನಮಗೆ ಬೇರೆಯವರಿಗಿಂತ ಚೆನ್ನಾಗಿ ತಿಳಿಯಬೇಕು. ಕನ್ನಡದಲ್ಲಿ 'ನಾವು' ಎಂದರೆ ಒಂದೇ ಶಬ್ದ. ಮರಾಠಿಯಲ್ಲಿ ಎರಡಿವೆ. 'ಆಮ್ಹೀ' ಎಂದರೆ ನಾವು ಮಾತ್ರ, ಕೇಳುತ್ತಿರುವ ನೀನು ಅದರಲ್ಲಿಲ್ಲ. 'ಆಪಣ' ಎಂದರೆ ನೀನೂ ಸೇರಿದಂತೆ ನಾವೆಲ್ಲರೂ. ಸಂತೆಯಲ್ಲಿ ವ್ಯವಹಾರ ಮಾಡುವಾಗ ಈ ವ್ಯತ್ಯಾಸ ನಮ್ಮ ನಾಲಿಗೆಗೆ ತಾನಾಗಿಯೇ ಬರುತ್ತದೆ. ತಂಡ ಗೆದ್ದಾಗ ಎಲ್ಲರೂ 'ಆಪಣ' ಎನ್ನುತ್ತಾರೆ. ಸೋತಾಗ ಎಷ್ಟು ಜನ 'ಆಪಣ' ಎನ್ನುತ್ತಾರೆ ಎಂಬುದರ ಮೇಲೆ ನಿಜವಾದ ಅಭಿಮಾನಿಗಳ ಎಣಿಕೆ. ಚಹಾದ ಅಂಗಡಿಯ ಆ ಹುಡುಗ 'ಒಂದ ರನ್ನಿಗೆ ಹೋತು' ಎಂದನೇ ಹೊರತು 'ಅವರು ಕಳಕೊಂಡ್ರು' ಎನ್ನಲಿಲ್ಲ. ತನ್ನ ಮನೆಯ ವಸ್ತು ಹೋದವನ ಮಾತು ಅದು.

ದೂರದ ದೇಶದಲ್ಲಿಯೂ ಇಂಥವರಿದ್ದಾರೆ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಗುಂಡನೆಯ ದಾಂಡಿನಿಂದ ಚೆಂಡು ಹೊಡೆದು ನಾಲ್ಕು ಮೂಲೆಗಳನ್ನು ಸುತ್ತಿ ಬರುವುದು ಅದರ ಕ್ರಮ. ಅಲ್ಲಿ ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ, ಅಂದರೆ ಸೋಲಿನ ಸರಣಿಗೆ ಅವಕಾಶ ಬಹಳ. ಶಿಕಾಗೋ ನಗರದ ಕಬ್ಸ್ ಎಂಬ ತಂಡ 1908ರಲ್ಲಿ ಪಟ್ಟ ಗೆದ್ದದ್ದು, ಮತ್ತೆ ಗೆದ್ದದ್ದು 2016ರಲ್ಲಿ. ನೂರಾ ಎಂಟು ವರ್ಷ! ಅಜ್ಜ ನೋಡಲಿಲ್ಲ, ಅಪ್ಪ ನೋಡಲಿಲ್ಲ, ಮೊಮ್ಮಗ ನೋಡಿದ. ಅಷ್ಟು ವರ್ಷವೂ ಆ ತಂಡದ ಅಭಿಮಾನ ಮನೆಯಿಂದ ಮನೆಗೆ, ತಲೆಯಿಂದ ತಲೆಗೆ ಹರಿದು ಬಂತು. ಆ ಕೊನೆಯ ಪಂದ್ಯದಲ್ಲಿ ಅವರು ಸೋಲಿಸಿದ ಕ್ಲೀವ್‌ಲ್ಯಾಂಡ್ ತಂಡವೂ 1948ರಿಂದ ಕಾಯುತ್ತಿದ್ದ ತಂಡವೇ ಆಗಿತ್ತು.

ನಮ್ಮ ಕ್ರಿಕೆಟ್ಟಿನ ಹಳೆಯ ಕಥೆಯೂ ಕಾಯುವಿಕೆಯದೇ. ರಣಜಿ ಟ್ರೋಫಿ ಆರಂಭವಾದದ್ದು 1934-35ರಲ್ಲಿ. ಆಗಿನ ಮೈಸೂರು ತಂಡ 1941-42ರಲ್ಲಿ ಮತ್ತು 1959-60ರಲ್ಲಿ ಫೈನಲ್ ಮುಟ್ಟಿ ಎರಡು ಸಲವೂ ಮುಂಬಯಿಗೆ ಸೋತಿತು. ಮುಂಬಯಿ ಸತತ ಹದಿನೈದು ವರ್ಷ ಟ್ರೋಫಿಯನ್ನು ಬಿಟ್ಟುಕೊಡಲಿಲ್ಲ. ಕೊನೆಗೆ 1973-74ರ ಸೆಮಿಫೈನಲ್ಲಿನಲ್ಲಿ ಕರ್ನಾಟಕ ಅದನ್ನು ಬೆಂಗಳೂರಿನಲ್ಲಿ ತಡೆದು, ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ಎತ್ತಿತು. ಮುಂದೆ 1998-99ರ ನಂತರ ಮತ್ತೆ ಬರ ಬಂತು. 2010ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ಫೈನಲ್ಲಿನಲ್ಲಿ 338 ರನ್ನಿನ ಗುರಿ. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ನಿಂತಿತು. ಸೋಲಿನ ಅಂತರ ಎಷ್ಟು ಗೊತ್ತೇ? ಮತ್ತೆ ಆರು ರನ್.

ಈಗ ನಮ್ಮ ಗಡಿಯ ಪ್ರಶ್ನೆ. 2014ರ ಜನವರಿ ಕೊನೆಯಲ್ಲಿ ಹೈದರಾಬಾದಿನಲ್ಲಿ ರಣಜಿ ಫೈನಲ್ ನಡೆಯಿತು. ಎದುರಾಬದುರಾದವರು ಕರ್ನಾಟಕ ಮತ್ತು ಮಹಾರಾಷ್ಟ್ರ. ಅಕ್ಕಲಕೋಟದಲ್ಲಿ ಕುಳಿತವನು ಯಾರ ಕಡೆ ಚಪ್ಪಾಳೆ ತಟ್ಟಬೇಕು? ಮನೆಮಾತು ಒಂದು ಕಡೆ ಎಳೆಯುತ್ತದೆ, ರೇಷನ್ ಕಾರ್ಡು ಇನ್ನೊಂದು ಕಡೆ. ಕರ್ನಾಟಕ ಹದಿನೈದು ವರ್ಷಗಳಿಂದ ಕಾದಿತ್ತು. ಮಹಾರಾಷ್ಟ್ರದ ಕಾಯುವಿಕೆ ಅದಕ್ಕಿಂತ ಬಹಳ ಉದ್ದ. ಅದು ರಣಜಿ ಗೆದ್ದದ್ದು 1939-40 ಮತ್ತು 1940-41ರಲ್ಲಿ ಮಾತ್ರ. ಆ ವರ್ಷ ಮಹಾರಾಷ್ಟ್ರದ ಪರವಾಗಿ 1223 ರನ್ ಹೊಡೆದು ಇಡೀ ದೇಶಕ್ಕೇ ಮೊದಲಿಗರಾದ ಕೇದಾರ ಜಾಧವ ಅವರ ಮೂಲ ಊರು ನಮ್ಮ ಸೋಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಜಾಧವವಾಡಿ. ಪಂದ್ಯವನ್ನು ಕರ್ನಾಟಕ ಏಳು ವಿಕೆಟ್ಟುಗಳಿಂದ ಗೆದ್ದಿತು. ಆ ದಿನ ಗಡಿಯ ಮನೆಗಳಲ್ಲಿ ಸಂತೋಷವೂ ಇತ್ತು, ಸಂತೋಷದ ಬುಡದಲ್ಲಿ ಸಣ್ಣದೊಂದು ಸಂಕಟವೂ ಇತ್ತು. ಎರಡೂ ನಿಜ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ಗಡಿಯವರಿಗೆ ಹೊಸದಲ್ಲ. ಮುಂದೆ ಅದೇ ಕೇದಾರ ಜಾಧವ 2016 ಮತ್ತು 2017ರಲ್ಲಿ ಬೆಂಗಳೂರಿನ ಅಂಗಿ ತೊಟ್ಟು ಆಡಿದರು.

ಪುಣೆಯ ಕಡೆ ನೋಡಿದರೆ ನಮ್ಮ ದುಃಖ ಸಣ್ಣದು ಎನಿಸುತ್ತದೆ. 2011ರಲ್ಲಿ ಪುಣೆ ವಾರಿಯರ್ಸ್ ಎಂಬ ತಂಡ ಬಂತು. ಸೋಲಿನ ಮೇಲೆ ಸೋಲು ಕಂಡಿತು. 2013ರಲ್ಲಿ ತಂಡವೇ ಇಲ್ಲವಾಯಿತು. 2016ರಲ್ಲಿ ಇನ್ನೊಂದು ತಂಡ ಬಂದು, 2017ರ ಫೈನಲ್ಲನ್ನು ಮುಂಬಯಿಯ ಎದುರು ಒಂದೇ ರನ್ನಿನಿಂದ ಸೋತು, ಅದೂ ಮುಗಿದುಹೋಯಿತು. ಬೆಂಗಳೂರಿನ ಅಭಿಮಾನಿಗೆ ಸೋತ ಮರುದಿನವೂ 'ನಮ್ಮ ತಂಡ' ಎನ್ನಲು ಒಂದು ತಂಡವಿತ್ತು. ಪುಣೆಯವನಿಗೆ ಸೋಲಲಿಕ್ಕೂ ತಂಡ ಉಳಿಯಲಿಲ್ಲ.

ಸೋಲು ಮುಗಿಯುವ ಬಗೆಯನ್ನು ಮೊದಲು ತೋರಿಸಿಕೊಟ್ಟವರು ಹೆಣ್ಣುಮಕ್ಕಳು. ಮಹಿಳೆಯರ ಪಂದ್ಯಾವಳಿ 2023ರಲ್ಲಿ ಆರಂಭವಾಯಿತು. ಬೆಂಗಳೂರಿನ ಮಹಿಳಾ ತಂಡದ ನಾಯಕಿ ನಮ್ಮ ನೆರೆಯ ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ. ಆ ವರ್ಷ ಮೊದಲ ಐದು ಪಂದ್ಯಗಳನ್ನೂ ತಂಡ ಸೋತಿತು. ಟೀಕೆಗಳ ಮಳೆ ಸುರಿಯಿತು. ಆದರೆ ನಾಯಕಿಯನ್ನು ಬದಲಿಸಲಿಲ್ಲ. ಮರುವರ್ಷ, 2024ರ ಮಾರ್ಚ್ 17ರಂದು, ದೆಹಲಿಯಲ್ಲಿ ದೆಹಲಿ ತಂಡವನ್ನೇ ಎಂಟು ವಿಕೆಟ್ಟುಗಳಿಂದ ಸೋಲಿಸಿ ಕಪ್ ಎತ್ತಿದರು. ಹದಿನಾರು ವರ್ಷ ಗಂಡಸರಿಗೆ ಆಗದ್ದನ್ನು ಸಾಂಗ್ಲಿಯ ಹುಡುಗಿ ಎರಡನೆಯ ವರ್ಷಕ್ಕೇ ಬೆಂಗಳೂರಿಗೆ ತಂದುಕೊಟ್ಟಳು. ಬೆಂಗಳೂರಿನ ಆ ಕಪ್ಪಿನ ಮೇಲೆ ಗಡಿಯಾಚೆಯ ನಮ್ಮ ಸೀಮೆಯದೂ ಒಂದು ಹಿಡಿಕೆಯಿದೆ ಎಂದು ನಾವು ಹೇಳಿಕೊಂಡರೆ ತಪ್ಪೇನಿಲ್ಲ.

ಇನ್ನು ಗಂಡಸರ ತಂಡ. ಎಂಟರಲ್ಲಿ ಏಳು ಸೋತಿದ್ದ ಆ 2024ರ ಏಪ್ರಿಲ್‌ನಿಂದ ಮುಂದಕ್ಕೆ ಏನಾಯಿತು ನೋಡಿ. ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ಆಟ ಕೈಗೂಡದೆ ಇದ್ದ ಗ್ಲೆನ್ ಮ್ಯಾಕ್ಸ್‌ವೆಲ್ ತಾವಾಗಿಯೇ 'ನನ್ನನ್ನು ಸ್ವಲ್ಪ ದಿನ ಹೊರಗಿಡಿ' ಎಂದು ಕೇಳಿಕೊಂಡರು. ಅಷ್ಟಾಗಿ ಯಾರೂ ಕೇಳಿರದ ಎಡಗೈ ಸ್ಪಿನ್ನರ್ ಸ್ವಪ್ನಿಲ್ ಸಿಂಗ್ ಅವರನ್ನು ತಂದರು. ಏಪ್ರಿಲ್ 25ರಂದು ಹೈದರಾಬಾದಿನಲ್ಲಿ ಗೆದ್ದರು. ಮುಂದೆ ಸತತ ಆರು ಗೆಲುವು. ಆರು ಸೋಲಿನ ಬೆನ್ನಿಗೇ ಆರು ಗೆಲುವು!

ಆ ಆರನೆಯ ಗೆಲುವಿನ ಲೆಕ್ಕ ಸ್ವಾರಸ್ಯದ್ದು. ಎರಡು ತಂಡಗಳ ಅಂಕಗಳು ಸಮವಾದರೆ, ಓವರಿಗೆ ಎಷ್ಟು ರನ್ ಹೊಡೆದರು, ಎಷ್ಟು ರನ್ ಕೊಟ್ಟರು ಎಂಬ ವ್ಯತ್ಯಾಸದ ಮೇಲೆ ಮುಂದಿನ ಸುತ್ತಿಗೆ ಯಾರು ಎಂಬುದನ್ನು ತೀರ್ಮಾನಿಸುತ್ತಾರೆ. ಇದಕ್ಕೆ ನೆಟ್ ರನ್‌ರೇಟ್ ಎನ್ನುತ್ತಾರೆ. ಜಮಾ-ಖರ್ಚು ಬರೆದು ಉಳಿದದ್ದೆಷ್ಟು ಎಂದು ನೋಡಿದ ಹಾಗೆ. ಮೇ 18ರಂದು ಬೆಂಗಳೂರಿನಲ್ಲಿ ಚೆನ್ನೈ ಎದುರು ತಂಡ 218 ರನ್ ಹೊಡೆಯಿತು. ಬರೀ ಗೆದ್ದರೆ ಸಾಲದಾಗಿತ್ತು, ಚೆನ್ನೈಯನ್ನು 200ರೊಳಗೆ ನಿಲ್ಲಿಸಬೇಕಾಗಿತ್ತು. ಕೊನೆಯ ಓವರಿನಲ್ಲಿ ಚೆನ್ನೈಗೆ ಬೇಕಾದದ್ದು 17. ಎದುರಿಗೆ ಧೋನಿ. ಚೆಂಡು ಯಾರ ಕೈಯಲ್ಲಿ? ಹಿಂದಿನ ವರ್ಷ ಬೇರೆ ತಂಡದಲ್ಲಿದ್ದಾಗ ಕೊನೆಯ ಓವರಿನಲ್ಲಿ ಸತತ ಐದು ಸಿಕ್ಸರ್ ಹೊಡೆಸಿಕೊಂಡಿದ್ದ ಎಡಗೈ ಬೌಲರಿನ ಕೈಯಲ್ಲಿ. ಮೊದಲ ಎಸೆತವೇ ಸಿಕ್ಸರ್ ಹೋಯಿತು. ಎರಡನೆಯದರಲ್ಲಿ ಧೋನಿ ಔಟ್. ಉಳಿದ ನಾಲ್ಕು ಎಸೆತಗಳಲ್ಲಿ ಕೊಟ್ಟದ್ದು ಒಂದೇ ರನ್. ನಾಲ್ಕು ದಿನಗಳ ನಂತರ ಅಹಮದಾಬಾದಿನಲ್ಲಿ ತಂಡ ರಾಜಸ್ಥಾನಕ್ಕೆ ಸೋತು ಮನೆಗೆ ಬಂತು, ಅದು ಬೇರೆ ಮಾತು. ಆದರೆ ಒಂದು ಬಾರಿ ಮುಗ್ಗರಿಸಿದವನ ಕೈಗೆ ಮತ್ತೆ ಚೆಂಡು ಕೊಡುವವರಿದ್ದರೆ ಅವನು ಏಳಬಲ್ಲ ಎಂಬುದನ್ನು ಆ ರಾತ್ರಿ ನಮ್ಮ ಮಕ್ಕಳು ಕಣ್ಣಾರೆ ಕಂಡರು. ಪರೀಕ್ಷೆಯಲ್ಲಿ ಫೇಲಾದ ಮಗನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2025ರಲ್ಲಿ ತಂಡ ಹಳೆಯ ತಪ್ಪನ್ನು ತಿದ್ದಿಕೊಂಡಿತು. ಹ್ಯಾಜಲ್‌ವುಡ್, ಭುವನೇಶ್ವರ್ ಕುಮಾರ್, ಕೃಣಾಲ್ ಪಾಂಡ್ಯ ಇಂಥ ಬೌಲರುಗಳ ಮೇಲೆ ನಂಬಿಕೆ ಇಟ್ಟಿತು. ಲೀಗಿನಲ್ಲಿ ಪರ ಊರುಗಳಲ್ಲಿ ಆಡಿದ ಏಳಕ್ಕೆ ಏಳೂ ಪಂದ್ಯ ಗೆದ್ದಿತು. ಹಿಂದೆ ಯಾವ ತಂಡವೂ ಇದನ್ನು ಮಾಡಿರಲಿಲ್ಲ. ಜೂನ್ 3ರಂದು ಅಹಮದಾಬಾದಿನಲ್ಲಿ ಫೈನಲ್. ಎದುರಾಳಿ ಪಂಜಾಬ್, ನಮ್ಮಂತೆಯೇ ಹದಿನೇಳು ವರ್ಷ ಬರಿಗೈಯಲ್ಲಿ ಕಾದ ತಂಡ. ಬೆಂಗಳೂರು 190 ಹೊಡೆಯಿತು. ಕೃಣಾಲ್ ನಾಲ್ಕು ಓವರಿನಲ್ಲಿ 17 ರನ್ ಮಾತ್ರ ಕೊಟ್ಟು ಎರಡು ವಿಕೆಟ್ ತೆಗೆದರು. ಪಂಜಾಬ್ 184ಕ್ಕೆ ನಿಂತಿತು. ಗೆಲುವಿನ ಅಂತರ ಆರು ರನ್.

2009ರಲ್ಲಿ ಆರು ರನ್ನಿನ ಸೋಲು, 2010ರಲ್ಲಿ ಆರು ರನ್ನಿನ ಸೋಲು, 2025ರಲ್ಲಿ ಆರು ರನ್ನಿನ ಗೆಲುವು. ಆರು ರನ್ ಎಂದರೆ ಒಂದೇ ಒಂದು ಹೊಡೆತ. ಗೆದ್ದವನು ದೊಡ್ಡವನು, ಸೋತವನು ದಂಡ ಎಂದು ನಾವು ಹಾಕುವ ತೀರ್ಪು ಎಷ್ಟು ಸಣ್ಣ ಗೆರೆಯ ಮೇಲೆ ನಿಂತಿದೆ ನೋಡಿ. ಹದಿನೇಳು ವರ್ಷ ಸೋತ ತಂಡಕ್ಕೂ ಗೆದ್ದ ತಂಡಕ್ಕೂ ನಡುವೆ ಇದ್ದದ್ದು ಒಂದು ಹೊಡೆತದ ದೂರ. ಆ ರಾತ್ರಿ ನಮ್ಮ ಊರುಗಳಲ್ಲಿ ಪಟಾಕಿ ಹಾರಿದಾಗ ಪಂಜಾಬಿನ ಯಾವುದೋ ಹಳ್ಳಿಯಲ್ಲಿ ಕೆಂಪು ಅಂಗಿಯದೇ ಇನ್ನೊಬ್ಬ ಹುಡುಗ ದೀಪ ಆರಿಸಿ ಮಲಗಿರಬೇಕು. ಅವನ ಸಂಕಟ ಬೇರೆ ಯಾರಿಗೂ ತಿಳಿಯದಿದ್ದರೂ ನಮಗೆ ತಿಳಿಯುತ್ತದೆ.

ಕೇಳುಗರೇ, ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ, ಜೂನ್ 4ರಂದು, ವಿಜಯೋತ್ಸವ ನೋಡಲು ಚಿನ್ನಸ್ವಾಮಿ ಮೈದಾನದ ಹೊರಗೆ ಲಕ್ಷಾಂತರ ಜನ ಸೇರಿದರು. ಬಾಗಿಲುಗಳ ಬಳಿ ನೂಕುನುಗ್ಗಲಾಗಿ 11 ಜನ ಪ್ರಾಣ ಬಿಟ್ಟರು. ಬಹುಪಾಲು ಹರೆಯದ ಮಕ್ಕಳು. ಹದಿನೇಳು ವರ್ಷ ಕಾದು ಸಿಕ್ಕ ಒಂದು ದಿನದ ಗೆಲುವು ಹನ್ನೊಂದು ಮನೆಗಳ ದೀಪ ಆರಿಸಿತು. ಸೋಲನ್ನು ತಾಳಿಕೊಳ್ಳಲು ಕಲಿತಿದ್ದ ನಾವು ಗೆಲುವನ್ನು ತಾಳಿಕೊಳ್ಳಲು ಕಲಿತಿರಲಿಲ್ಲ. ಜಾತ್ರೆಯಲ್ಲಿ ತೇರು ಎಳೆಯುವಾಗ ಹಗ್ಗದ ಮುಂದೆ ಮಕ್ಕಳನ್ನು ಬಿಡಬಾರದು ಎಂಬುದನ್ನು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಅದೇ ಬುದ್ಧಿ ಆಟದ ಉತ್ಸವಕ್ಕೂ ಬೇಕು: ವ್ಯವಸ್ಥೆ ಮಾಡುವವರಿಗೂ ಬೇಕು, ಹೋಗುವವರಿಗೂ ಬೇಕು.

ಹಾಗಾದರೆ ಸೋಲುವ ತಂಡದ ಬೆನ್ನಿಗೆ ನಿಲ್ಲುವುದರಿಂದ ಸಿಗುವುದೇನು? ಕಪ್ಪಂತೂ ಅಭಿಮಾನಿಯ ಮನೆಗೆ ಬರುವುದಿಲ್ಲ. ಸಿಗುವುದು ಇಷ್ಟು. ಸೋತ ಮರುದಿನವೂ ಮುಖ ತೋರಿಸುವ ಧೈರ್ಯ. ಎದುರಾಳಿಯ ನೋವನ್ನು ಅರಿಯುವ ಕರುಣೆ. ಕಾರಣ ಹುಡುಕುವ ಅಭ್ಯಾಸ. ಎರಡು ವರ್ಷ ಮಳೆ ಕೈಕೊಟ್ಟಿತೆಂದು ನಮ್ಮ ಸೀಮೆಯ ರೈತ ಹಿಂಗಾರಿ ಜೋಳ ಬಿತ್ತುವುದನ್ನು ಬಿಟ್ಟಿದ್ದಾನೆಯೇ? ಬಿಟ್ಟಿದ್ದರೆ ನಮ್ಮ ತಾಟಿನಲ್ಲಿ ರೊಟ್ಟಿ ಇರುತ್ತಿರಲಿಲ್ಲ.

'ನಮ್ಮ ತಂಡ ಯಾವುದು' ಎಂಬ ಪ್ರಶ್ನೆಗೂ ಉತ್ತರ ಇದರಲ್ಲಿಯೇ ಇದೆ. ಗಡಿಗೆರೆ ಎಳೆದವರು ಮನಸ್ಸಿನ ಮೇಲೆ ಗೆರೆ ಎಳೆದಿಲ್ಲ. ಅಣ್ಣ ಬೆಂಗಳೂರಿಗೆ ಕೂಗಲಿ, ತಮ್ಮ ಮುಂಬಯಿಗೆ ಕೂಗಲಿ, ರಾತ್ರಿ ಒಂದೇ ತಾಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಉಣ್ಣಲಿ. ಯಾವ ತಂಡ ಸೋತಾಗ ನಿಮ್ಮ ಬಾಯಿಂದ 'ಆಪಣ ಹರಲೋ', 'ನಾವು ಸೋತೆವು' ಎಂಬ ಮಾತು ತಾನಾಗಿ ಬರುತ್ತದೋ ಅದೇ ನಿಮ್ಮ ತಂಡ. ಅದಕ್ಕೆ ಯಾವ ರಾಜ್ಯದ ದಾಖಲೆಯೂ ಬೇಕಿಲ್ಲ.

ಮುಂದಿನ ಸಲ ಸೋತ ಹುಡುಗನೊಬ್ಬ ನಿಮ್ಮ ಅಂಗಡಿಯ ಮುಂದೆ ಬಂದರೆ 'ಅಂಗಿ ತಗದಿಡು' ಎನ್ನಬೇಡಿ. ಅರ್ಧ ಕಪ್ ಚಹಾ ಕೊಟ್ಟು, 'ಎಲ್ಲಿ ತಪ್ಪಿತಪ್ಪಾ ತಮ್ಮಾ, ಸ್ವಲ್ಪ ಹೇಳು' ಎಂದು ಕೇಳಿ. ಅವನು ಹೇಳುತ್ತಾನೆ. ಹೇಳುತ್ತ ಹೇಳುತ್ತ ಅವನ ದುಃಖ ಇಳಿಯುತ್ತದೆ, ಕೇಳುತ್ತ ಕೇಳುತ್ತ ನಿಮ್ಮ ತಿಳಿವಳಿಕೆ ಏರುತ್ತದೆ.